ಮೀಸೆ ಕಟ್ಟಿದ ಯುದ್ಧನೌಕೆ

ಕೋಣವೊಂದು ದಿನಾ ಹೊಂಡಕ್ಕೆ ಬಿದ್ದು ಹೊರಳಿ, ನೀರಲ್ಲಿದ್ದ ಸೊಳ್ಳೆಮರಿಗಳನ್ನೆಲ್ಲ ದಡಕ್ಕೆ ಎರಚುತ್ತಿತ್ತು. ಸೊಳ್ಳೆಗಳ ಸೇನಾಪತಿ ಗುಂಯ್ಯಪ್ಪ ಸುಮ್ಮನಿರುವ ಗಂಡೇ? ಹರಿದ ಚಪ್ಪಲಿಯೊಂದನ್ನು ಹಿಡಿದು, ಅದರ ಮೂತಿಗೆ ಗುಬ್ಬಿಗರಿಯ ಮೀಸೆ ಕಟ್ಟಿಸಿ, ಯುದ್ಧನೌಕೆ ಮಾಡಿಬಿಟ್ಟ.

"ಹಾರೋರಿಗೆ ಹಡಗು ಯಾಕೆ ಭಾವ?" ಎಂದಳು ನಾದಿನಿ ಸೂಜವ್ವ.

"ಗತ್ತಿಗೆ!"

"ಹಂಗಾದ್ರೆ ನಾವೂ ಹತ್ತುತೀವಿ."

"ಹೆಂಗಸರು ಬಂದ್ರೆ ಸೇನೆಯ ಶಿಸ್ತು ಕೆಡ್ತದೆ. ಮೀಸೆ ಇದ್ದೋರಷ್ಟೇ ಹತ್ತ್ರೋ!"

ನೂರು ಮೀಸೆ ಹತ್ತಿದವು. ಹಡಗು ತೇಲುತ್ತ ಕೋಣದ ಮೂಗಿನ ಮುಂದೆ ನಿಂತಿತು.

"ಕಚ್ರೋ!" ಎಂದು ಗುಂಯ್ಯಪ್ಪ ಅಬ್ಬರಿಸಿದ.

ಯಾರೂ ಕದಲಲಿಲ್ಲ. ಸಿಪಾಯಿಯೊಬ್ಬ ಮೆಲ್ಲಗೆ ಕೆಮ್ಮಿದ. "ದಣಿ, ನಾವು ಗಂಡಸರು ಕುಡಿಯೋದು ಹೂವಿನ ರಸ. ನಮ್ಮ ಕುಲದಲ್ಲಿ ಕಚ್ಚೋದು ಹೆಂಗಸರೇ ಅಲ್ವಾ?"

ಅಷ್ಟರಲ್ಲಿ ಕೋಣ ಸೀನಿತು, ಹಡಗು ಮಗುಚಿತು. ಅದನ್ನು ಕಂಡ ಸೂಜವ್ವನ ದಂಡು ದಡದಿಂದ ಹಾರಿ ಬಂದು ಕೋಣವನ್ನು ಮುತ್ತಿತು. ಕೋಣ ಬಾಲ ಎತ್ತಿ ಊರಾಚೆ ಓಡಿತು.

ಗುಂಯ್ಯಪ್ಪ ಒದ್ದೆ ಮೀಸೆ ಹಿಂಡುತ್ತ ದಡ ಹತ್ತಿದ. "ನೋಡಿದ್ಯಾ, ನನ್ನ ಹಡಗು ನೋಡಿದ್ದೇ ಓಡ್ತು!"

"ಹೌದು ಭಾವ," ಸೂಜವ್ವ ಬಾಯಿ ಒರೆಸಿಕೊಂಡಳು. "ಅದಕ್ಕೇ ದಾರಿಯುದ್ದಕ್ಕೂ ಮೈ ಕೆರ್ಕೊಂಡು ಓಡ್ತು."