ಬಿಲ್ಲೆಗೆ ಮಂಜೂರಾತಿ

ನೀರಾವರಿ ಕಚೇರಿಯ ಚನ್ನವೀರಪ್ಪ ಸಾಹೇಬರು ಸಿಬ್ಬಂದಿಯ ಜೊತೆ ಮೊಬೈಲಿನಲ್ಲಿ ಬಿಲ್ಲೆ ಆಟ ಆಡುತ್ತಿದ್ದರು. ಸರದಿಯಂತೆ ಒಬ್ಬೊಬ್ಬರು ಚಿತ್ರವಿರುವ ಒಂದೊಂದು ಬಿಲ್ಲೆ ಇಟ್ಟು ರಸ್ತೆಗೆ ರಸ್ತೆ, ಕೋಟೆಗೆ ಕೋಟೆ ಜೋಡಿಸಬೇಕು. ಸಾಹೇಬರು ಸೋತ ವಾರ ಯಾರ ರಜೆಯೂ ಮಂಜೂರಾಗುತ್ತಿರಲಿಲ್ಲ.

ಒಂದು ಸೋಮವಾರ ಗುಮಾಸ್ತನನ್ನು ಕರೆದರು. "ಇನ್ಮೇಲೆ ನನ್ನ ಅನುಮತಿ ಇಲ್ಲದೆ ನೀನು ಒಂದು ಬಿಲ್ಲೆನೂ ಇಡಬಾರದು."

"ಆಗಲಿ ಸಾರ್. ಬರವಣಿಗೆಯಲ್ಲೇ ಕೇಳ್ತೀನಿ."

ಗುಮಾಸ್ತ ಬಿಲ್ಲೆಯ ಜಾಗವನ್ನು ಹಾಳೆಯಲ್ಲಿ ಬರೆದು, ನಲವತ್ತು ಕಡತಗಳ ನಡುವೆ ಸೇರಿಸಿ ಒಳಗೆ ಕಳಿಸಿದ. ಸಾಹೇಬರು ಎಂದಿನಂತೆ ಓದದೆ ಎಲ್ಲಕ್ಕೂ ಸಹಿ ಹಾಕಿದರು. ಮಧ್ಯಾಹ್ನ ಆ ಬಿಲ್ಲೆ ಅವರ ರಸ್ತೆಗೆ ಅಡ್ಡ ಕೂತಿತು. ಸಾಹೇಬರು ಸೋತರು.

"ಯಾರನ್ನ ಕೇಳಿ ಇಟ್ಟೆ?"

ಗುಮಾಸ್ತ ಸಹಿಯಾದ ಹಾಳೆಯನ್ನು ಮುಂದೆ ಹಿಡಿದ.

"ಇದನ್ನೆಲ್ಲ ಓದೋಕೆ ನನಗೆ ಪುರುಸೊತ್ತಿಲ್ಲ. ಇದಕ್ಕೆ ಯಾರು ಹೊಣೆಯೋ ಅವರಿಗೆ ಒಂದು ನೋಟಿಸ್ ತಯಾರು ಮಾಡು."

ಗುಮಾಸ್ತ ನೋಟಿಸ್ ತಯಾರು ಮಾಡಿದ. ಅದಕ್ಕೂ ಓದದೆ ಸಹಿ ಬಿತ್ತು.

ಮರುದಿನದ ಟಪಾಲಿನಲ್ಲಿ ನೋಟಿಸ್ ಸಾಹೇಬರ ಹೆಸರಿಗೇ ಬಂತು. ಮೂರು ದಿನದೊಳಗೆ ಉತ್ತರ ಕೊಡಬೇಕಿತ್ತು. ಉತ್ತರ ಬರೆಸಲು ಗುಮಾಸ್ತನಿಗೆ ಹೇಳಿಕಳಿಸಿದರು.

ಅವನು ರಜೆಯಲ್ಲಿದ್ದ. ಆ ರಜೆ ಅರ್ಜಿಗೂ ಸೋಮವಾರವೇ, ಕಡತಗಳ ನಡುವೆ, ಸಹಿ ಬಿದ್ದಿತ್ತು.