ಅವರೆ ಬಳ್ಳಿಯ ಕಾವಲುಗಾರ

ಹಿತ್ತಲಿನ ಅವರೆ ಬಳ್ಳಿಗೆ ತನ್ನ ಕಾವಲಿನ ಬಗ್ಗೆ ಬಲು ಜಂಬ. ಅದರ ಬುಡದಲ್ಲಿ ಇರುವೆಯೊಂದು ತನ್ನ ದಂಡು ಕಟ್ಟಿಕೊಂಡು ಹಗಲಿಡೀ ಪಹರೆ ನಡೆಸುತ್ತಿತ್ತು.

ಒಂದು ಬೆಳಗ್ಗೆ ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳ ಗುಲಗಂಜಿ ಹುಳು ಬುಡದಿಂದ ಹತ್ತತೊಡಗಿತು. "ನಿನ್ನ ಕುಡಿಯಲ್ಲಿ ಗಿಡದ ರಸ ಹೀರುವ ಹೇನು ಕಂಡೆ, ಅವನ್ನು ತಿಂದು ಹೋಗುತ್ತೇನೆ" ಎಂದಿತು. ಇರುವೆ ಅದರ ಕಾಲು ಕಚ್ಚಿ ಕೆಳಗೆ ಕೆಡವಿತು. "ಭೇಷ್" ಎಂದಿತು ಬಳ್ಳಿ. ಬಿದ್ದ ಹುಳು ಪಕ್ಕದಲ್ಲಿ ಹೂಬಿಟ್ಟಿದ್ದ ಸಬ್ಬಸಿಗೆಯಲ್ಲಿ ಸಂಸಾರ ಹೂಡಿತು.

ಹತ್ತು ದಿನದಲ್ಲಿ ಬಳ್ಳಿಯ ಕುಡಿಗಳು ಮುರುಟಿದವು. ಎಳೆಗಾಯಿಗಳ ತುಂಬ ಕರಿ ಹೇನು ಮೆತ್ತಿಕೊಂಡು ರಸ ಹೀರುತ್ತಿತ್ತು.

"ಕಾವಲಣ್ಣ, ಇವನ್ನೇಕೆ ಓಡಿಸಲಿಲ್ಲ?" ಎಂದು ಬಳ್ಳಿ ಕೇಳಿತು.

"ಅವು ನನ್ನ ಹಸುಗಳು. ಅವು ಸುರಿಸುವ ಸಿಹಿ ಹನಿಯಿಂದಲೇ ನನ್ನ ಮನೆ ನಡೆಯುವುದು. ನಾನು ಕಾಯುತ್ತಿರುವುದು ಅವುಗಳನ್ನು, ನಿನ್ನನ್ನಲ್ಲ" ಎಂದಿತು ಇರುವೆ, ಮುಚ್ಚುಮರೆಯಿಲ್ಲದೆ.

ಬಳ್ಳಿ ಉಳಿದಿದ್ದ ಒಂದು ಗಟ್ಟಿ ಕುಡಿಯನ್ನು ಚಾಚಿ ಸಬ್ಬಸಿಗೆಯ ಹೂಗೊಂಚಲಿಗೆ ಸುತ್ತಿತು. "ಅಂದು ನಿನ್ನನ್ನು ಕೆಡವಿದಾಗ ಭೇಷ್ ಎಂದದ್ದು ನನ್ನ ತಪ್ಪು, ತಾಯಿ. ರೆಕ್ಕೆ ಮೂಡದ ನಿನ್ನ ಮಕ್ಕಳಿಗೂ ಸೇತುವೆ ಹಾಕಿದ್ದೇನೆ. ಎಲ್ಲರೂ ಊಟಕ್ಕೆ ಬನ್ನಿ" ಎಂದು ಕರೆಯಿತು.

ಗುಲಗಂಜಿ ಹುಳು ಮಕ್ಕಳುಮರಿ ಸಮೇತ ದಾಟಿ ಬಂತು. ಬುಡ ಕಾಯುತ್ತಿದ್ದ ಇರುವೆಗೆ ಸುದ್ದಿ ಮುಟ್ಟಿ ಅದು ಮೇಲೆ ಓಡಿ ಬರುವಷ್ಟರಲ್ಲಿ ಒಂದು ಹೇನೂ ಉಳಿಯದೆ ಕೊಟ್ಟಿಗೆ ಖಾಲಿಯಾಗಿತ್ತು.

"ಬಾಗಿಲಲ್ಲಿ ನಾನಿರುವಾಗ ಕಿಟಕಿಯಿಂದ ನೆಂಟರನ್ನು ಕರೆಸಿಕೊಂಡೆಯಾ?" ಎಂದು ಇರುವೆ ಸಿಡುಕಿತು.

"ಬಾಗಿಲಲ್ಲಿ ನೀನಿದ್ದೆ, ಅದಕ್ಕೇ" ಎಂದಿತು ಬಳ್ಳಿ.