ಅತ್ತೆಯ ವೈರು, ಸೊಸೆಯ ಜಂಕ್ಷನ್

ಸ್ಟೇಷನ್ ಮಾಸ್ಟರು ತೀರಿಕೊಂಡರೂ ಅವರ ಹೆಂಡತಿ ಕೌಸಲ್ಯಮ್ಮನವರ ದರ್ಬಾರು ನಿಂತಿರಲಿಲ್ಲ. ಮಗ ಕೊಡಿಸಿದ ಹೊಸ ಫೋನಿಗೆ ಹಳೇ ಚಾರ್ಜರಿನ ಪಿನ್ನು ಕೂರಲಿಲ್ಲ. ಅದು ಯಜಮಾನರು ತಂದ ಗಟ್ಟಿಮುಟ್ಟಾದ ವೈರು. ಗೋಡೆಯಿಂದ ಅವರ ಆರಾಮಕುರ್ಚಿಯವರೆಗೂ ಬರುತ್ತಿತ್ತು.

"ವೈರು ಬದಲಾಗಕೂಡದು, ಅದಕ್ಕೆ ಬಾಲ ಅಂಟಿಸಕೂಡದು. ಸಂಜೆ ತಂಗಿ ಫೋನ್ ಮಾಡೋದರೊಳಗೆ ಚಾರ್ಜ್ ಆಗಿರಬೇಕು!" ಎಂದು ಸೊಸೆ ಚಂದ್ರಕಲಾಗೆ ಅಪ್ಪಣೆಯಾಯಿತು.

ಚಂದ್ರಕಲಾ ಕಾಫಿ ಕೊಟ್ಟು ಕೇಳಿದಳು: "ಅತ್ತೆ, ಮೀಟರ್‌ಗೇಜ್ ಗಾಡಿ ಬ್ರಾಡ್‌ಗೇಜ್ ಹಳಿ ಮೇಲೆ ಹೋಗ್ತಿತ್ತಾ?"

"ಹೇಗೆ ಹೋಗುತ್ತೇ ಪೆದ್ದಿ? ನಮ್ಮ ಜಂಕ್ಷನ್ನಲ್ಲಿ ಇಳಿದು ಆ ಗಾಡಿ ಹತ್ತಬೇಕಿತ್ತು. ಆಹಾ, ಆ ಟ್ರಂಕು, ಕೂಜಾ, ಹಾಸಿಗೆ ಸುರುಳಿ! ನಿಮ್ಮ ಮಾವ ಲಾಂದ್ರ ಹಿಡ್ಕೊಂಡು ಒಬ್ಬೊಬ್ಬರನ್ನೂ ಹತ್ತಿಸೋರು."

"ಹಾಗಾದ್ರೆ ಇದೂ ಜಂಕ್ಷನ್ನೇ, ಬಾಲ ಅಲ್ಲ" ಎಂದ ಸೊಸೆ, ಒಳ್ಳೇ ಅಂಗಡಿಯಿಂದ ತಂದಿದ್ದ ಬೆರಳುಗಾತ್ರದ ಅಡಾಪ್ಟರನ್ನು ವೈರಿನ ತುದಿಗೆ ಸಿಕ್ಕಿಸಿ ಫೋನಿಗೆ ಹಾಕಿದಳು. "ಪ್ಯಾಸೆಂಜರ್ ಗಾಡಿ ಥರ ನಿಧಾನಕ್ಕೆ ಏರುತ್ತೆ. ಆಗಾಗ ಮುಟ್ಟಿ ನೋಡಿ, ಬಿಸಿಯಾದ್ರೆ ತೆಗೆದುಬಿಡಿ. ಎರಡರ ನಡುವೆ ಸಿಕ್ಕಿಕೊಂಡಿರೋದೇ ಮೊದಲು ಬಿಸಿಯಾಗೋದು."

ಕೌಸಲ್ಯಮ್ಮ ಮುಟ್ಟಿ ನೋಡಿದರು. ತಣ್ಣಗಿತ್ತು. ಆಮೇಲೆ ಯಾಕೋ ಸೊಸೆಯ ಹಣೆ ಮುಟ್ಟಿದರು.

"ನಾನೂ ಬಗ್ಗೋಳಲ್ಲ, ನನ್ನ ಮಗನೂ ಬಗ್ಗೋನಲ್ಲ. ಇಷ್ಟು ವರ್ಷ ನಮ್ಮಿಬ್ಬರ ನಡುವೆ ನೀನು ಬಿಸಿಯಾಗಲೇ ಇಲ್ವೇನೇ?"

"ಆಗಿದ್ದೀನಿ ಅತ್ತೆ. ನೀವು ಮುಟ್ಟಿ ನೋಡಿದ್ದು ಇವತ್ತೇ."